ಒಲವಿನ ಹೆಸರು, ಹೆಣ್ಣಿನ ಹೊರೆ

ಇಂಗ್ಲಿಷಿನಲ್ಲಿ ಪ್ರಿಯತಮೆಗೆ ಹೆಸರುಗಳು ಹಲವು. ಸ್ವೀಟ್‌ಹಾರ್ಟ್ ಎಂದರೆ ಸವಿಯಾದ ಹೃದಯ. ಡಾರ್ಲಿಂಗ್ ಎಂಬುದು ಡಿಯರ್ ಎಂಬ ಪದದಿಂದಲೇ ಹುಟ್ಟಿದ್ದು. ಲವರ್ ಎಂಬುದಕ್ಕೆ ಹಿಂದೆ ಬರಿಯ ಮಿತ್ರನೆಂಬ ಅರ್ಥವೂ ಇದ್ದಿತು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಬ್ರೂಟಸನು ರೋಮಿನ ಜನರನ್ನು ಆ ಪದದಿಂದಲೂ ಸಂಬೋಧಿಸುತ್ತಾನೆ. ಎಲ್ಲಕ್ಕಿಂತ ಹೀನ ಗತಿ ಬಂದದ್ದು ಮಿಸ್ಟ್ರೆಸ್ ಪದಕ್ಕೆ. ಅದು ಮೊದಲು ಮನೆಯೊಡತಿ, ಆಮೇಲೆ ಒಲಿದ ಹೆಣ್ಣು, ಕಡೆಗೆ ಇಟ್ಟುಕೊಂಡವಳು. ಅದರ ಜೋಡಿಯಾದ ಮಾಸ್ಟರ್ ಪದವಾದರೋ ಕಡಲು ದಾಟಿ ಬಂದು, ನಮ್ಮೂರ ಶಾಲೆಯಲ್ಲಿ ‘ಮಾಸ್ತರ’ ಎನಿಸಿಕೊಂಡು ನಮಸ್ಕಾರ ಪಡೆಯಿತು!

ಇದು ಆಂಗ್ಲರ ದೋಷವೆಂದು ನಾವು ನಗುವಂತಿಲ್ಲ. ಬಾದಾಮಿಯ ಸಮೀಪದ ಮಹಾಕೂಟೇಶ್ವರ ಗುಡಿಯ ಕಂಬದ ಮೇಲೆ, ಕ್ರಿ.ಶ. 696ರಿಂದ 733ರ ವರೆಗೆ ಆಳಿದ ಚಾಲುಕ್ಯ ವಿಜಯಾದಿತ್ಯನ ಕಾಲದ ಕನ್ನಡ ಶಾಸನವೊಂದಿದೆ. ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟ ಸಂಗತಿ ಅದರಲ್ಲಿದೆ. ಅರಸನು ‘ಪೃಥ್ವೀವಲ್ಲಭ’, ಆಕೆ ಅವನ ‘ಪ್ರಾಣವಲ್ಲಭೆ’. ಅಲ್ಲಿಯೇ ಆಕೆಯನ್ನು ‘ಸೂಳೆಯರ್’ ಎಂದು ಗೌರವದ ಬಹುವಚನ ಹಚ್ಚಿ ಕರೆದಿದೆ. ಇಂದು ಆ ಪದವನ್ನು ಹುನಗುಂದದ ಸಂತೆಯಲ್ಲಾಗಲಿ ಇಳಕಲ್ಲಿನ ಓಣಿಯಲ್ಲಾಗಲಿ ಅಂದರೆ ಬಡಿದಾಟವೇ ಆದೀತು. ‘ವಲ್ಲಭ’ ಮಾತ್ರ ಗಂಡುಮಕ್ಕಳ ಹೆಸರಾಗಿ ಸುಖವಾಗಿದೆ.

ಗಂಡಸಿನ ಪದಗಳೂ ಕೆಟ್ಟಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೆಟ್ಟಿವೆ, ಆದರೆ ಆ ಬೈಗುಳ ಕೂಡ ಕೊನೆಗೆ ತಾಗುವುದು ಎದುರಾಳಿಯ ತಾಯಿಗೆ.

ಶಬ್ದ ತಾನಾಗಿ ಕೆಡುವುದಿಲ್ಲ. ಆಡುವ ನಾಲಿಗೆ ಅದನ್ನು ಕೆಡಿಸುತ್ತದೆ. ನಲ್ಲೆ ಎಂದರೆ ಒಳ್ಳೆಯವಳು. ಇನಿಯ ಎಂದರೆ ಸವಿಯಾದವನು. ಸ್ವೀಟ್‌ಹಾರ್ಟಿಗಿಂತ ಇವು ಯಾವುದರಲ್ಲಿ ಕಡಿಮೆ? ಆದರೆ ಇವು ಪದ್ಯಗಳಲ್ಲಿಯೇ ಉಳಿದಿವೆ. ನಮ್ಮ ಬಾಗಲಕೋಟೆಯ ಸೀಮೆಯಲ್ಲಿ ಬಾಯಲ್ಲಿ ಆಡುವ ಪದ ಗೆಳತಿ. ಹುಡುಗಿಯೊಬ್ಬಳು ‘ನನ್ನ ಗೆಳತಿ’ ಎಂದರೆ ಯಾರೂ ತಿರುಗಿ ನೋಡರು; ಹುಡುಗನು ಅಂದರೆ ಎಲ್ಲರ ಕಿವಿ ನಿಮಿರುತ್ತವೆ. ಅದಕ್ಕಂಜಿ ಅವನು ‘ಫ್ರೆಂಡ್’ ಎನ್ನುತ್ತಾನೆ. ಅವನ ಸಂಗಡಿಗರಾದರೋ ಅವಳಿಗೆ ‘ಇವನ ಲವರ್’ ಎಂದು ಹೆಸರಿಡುತ್ತಾರೆ. ಆ ಮಾತು ಊರು ಮುಟ್ಟಿದರೆ ಹುಡುಗನು ಪರೀಕ್ಷೆಗೆ ಕೂಡುತ್ತಾನೆ. ಹುಡುಗಿಯ ಓದು ನಿಲ್ಲುತ್ತದೆ. ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವಳಿಗೆ ಇದೇನು ಸಣ್ಣ ನಷ್ಟವೇ?

ಆದುದರಿಂದ ತರುಣ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಒಬ್ಬಳಿಗೆ ಹೆಸರಿಡುವ ಮೊದಲು, ಆ ಹೆಸರನ್ನು ಹೊರುವವಳು ಅವಳೆಂಬುದನ್ನು ನೆನೆಯಿರಿ. 1300 ವರ್ಷಗಳ ಹಿಂದೆ ಮಹಾಕೂಟದ ಶಾಸನಕಾರನು ತೋರಿದಷ್ಟು ಮರ್ಯಾದೆಯನ್ನಾದರೂ ಪದವೀಧರರಾಗುವ ನಾವು ತೋರಬೇಡವೇ?