ಪಿಗ್ಮಿ ಏಜೆಂಟರಿಗೆ ಗೊತ್ತಿದ್ದದ್ದು ನಮ್ಮ ಆ್ಯಪ್‌ಗೆ ಗೊತ್ತುಂಟಾ?

ಐಟಿಯಲ್ಲಿ ಏಳೆಂಟು ವರ್ಷ ಕಳೆದ ಮೇಲೆ ಫೋನಿಗೆ ಒಂದು ಹೊಸ ಬಗೆಯ ಮೆಸೇಜ್ ಬರಲು ಶುರುವಾಗುತ್ತದೆ. ‘ನಮ್ಮದೊಂದು ಸೋಶಿಯಲ್ ಇಂಪ್ಯಾಕ್ಟ್ ಪ್ರಾಜೆಕ್ಟ್ ಉಂಟು, ನೀವು ಸಾಫ್ಟ್‌ವೇರ್‌ನವರಲ್ವಾ, ಸ್ವಲ್ಪ ಸಲಹೆ ಕೊಡಿ’ ಅಂತ. ಕಾಲೇಜಿನ ಹ್ಯಾಕಥಾನ್‌ಗೆ ಮೆಂಟರ್ ಬೇಕು ಎನ್ನುವವರು ಒಬ್ಬರು, ಕಂಪನಿಯ ಸಿಎಸ್‌ಆರ್ ಟೀಮಿನವರು ಇನ್ನೊಬ್ಬರು, ಊರಿನ ಯುವಕ ಮಂಡಲದವರು ಮತ್ತೊಬ್ಬರು. ಶನಿವಾರ ಎರಡು ಗಂಟೆ ಕೂತು ಬೋರ್ಡ್ ಮೇಲೆ ನಾಲ್ಕು ಬಾಣ ಎಳೆದರೆ ನಮಗೂ ಖುಷಿ, ಅವರಿಗೂ ಖುಷಿ.

ಆದರೆ ನಮ್ಮ ಸಲಹೆ ಕೈಕೊಟ್ಟರೆ ನಷ್ಟ ಯಾರಿಗೆ? ಸೋಮವಾರ ಬೆಳಿಗ್ಗೆ ನಾವು ನಮ್ಮ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಇರ್ತೇವೆ. ಸಾಲದ ಕಂತು ಕಟ್ಟುವವರು, ಕೆಟ್ಟುಹೋದ ಮೆಷಿನ್ ಮನೆಯಂಗಳದಲ್ಲಿ ಇಟ್ಟುಕೊಳ್ಳುವವರು ಬೇರೆಯವರು.

ಮಂಗಳೂರಿನದ್ದೇ ಒಂದು ಲೆಕ್ಕ ಹಾಕೋಣ. ಧಕ್ಕೆಯಿಂದ ಮೀನು ತಂದು ಮಾರುವ ಹೆಂಗಸರಿಗೆ ಒಳ್ಳೆಯ ಐಸ್ ಬಾಕ್ಸ್ ಕೊಡಿಸುವ ಯೋಜನೆ ಅಂತ ಇಟ್ಟುಕೊಳ್ಳಿ. ಬಾಕ್ಸಿನ ಬೆಲೆ 12,000 ರೂಪಾಯಿ. ಬಡ್ಡಿಯ ಮಾತು ಬದಿಗಿಟ್ಟರೆ ತಿಂಗಳಿಗೆ 1,000ದಂತೆ 12 ಕಂತು. ನಮ್ಮ ಎಕ್ಸೆಲ್ ಶೀಟಿನಲ್ಲಿ ಇದು ತುಂಬ ಚೆಂದ ಕಾಣುತ್ತದೆ. ಆದರೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಇಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯ ಮೀನು ಬಂದರೂ ಅದು ಎಷ್ಟು? ವ್ಯಾಪಾರ ಇಳಿಯುವ ಆ ಎರಡು ತಿಂಗಳಲ್ಲೇ ಮಕ್ಕಳ ಶಾಲೆ ಶುರುವಿನ ಖರ್ಚೂ ಇರುತ್ತದೆ. ಅಲ್ಲಿ ಎರಡು ಕಂತು ತಪ್ಪಿತು ಅಂದರೆ ನಮ್ಮ ಸಾಫ್ಟ್‌ವೇರ್ ಅವರ ಹೆಸರಿನ ಮುಂದೆ ಕೆಂಪು ಬಣ್ಣ ಹಚ್ಚುತ್ತದೆ. ಮುಂದಿನ ಸಲ ಅವರಿಗೆ ಸಾಲ ಸಿಗುವುದು ಕಷ್ಟ.

ಅದೇ 12,000ವನ್ನು 10 ತಿಂಗಳಿಗೆ ಹಂಚಿ, ದಿನಕ್ಕೆ 40 ರೂಪಾಯಿ ಮಾಡಿ. ಸುಮಾರು 300 ದಿನಕ್ಕೆ ಲೆಕ್ಕ ಚುಕ್ತಾ. ಐಸ್ ಬಾಕ್ಸ್ ಅದೇ, ಹಣ ಅಷ್ಟೇ. ಬದಲಾದದ್ದು ಕಂತು ಕೇಳುವ ದಿನ ಮಾತ್ರ. ಇದನ್ನು ಹೇಳಲಿಕ್ಕೆ ಮೆಷಿನ್ ಲರ್ನಿಂಗ್ ಬೇಡ ಮಾರಾಯ್ರೆ, ಧಕ್ಕೆಯಲ್ಲಿ ಒಂದು ಬೆಳಿಗ್ಗೆ ಕಳೆದರೆ ಸಾಕು.

ಈ ಬುದ್ಧಿ ನಮ್ಮ ಕರಾವಳಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಒಂದು ಸಣ್ಣ ಬ್ಯಾಂಕ್ ಶುರುಮಾಡಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕು ಅನ್ನುವುದು ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟರು ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಬಳಿಗೆ ಬ್ಯಾಂಕೇ ನಡೆದು ಹೋಯಿತು. ದಿನಾ ಸಂಪಾದಿಸುವವರಿಂದ ದಿನಾ ಉಳಿಸುವುದು: ಅಷ್ಟೇ ಐಡಿಯಾ. ಇವತ್ತಿನ ಭಾಷೆಯಲ್ಲಿ ಇದಕ್ಕೆ ‘ಫೈನಾನ್ಶಿಯಲ್ ಇನ್‌ಕ್ಲೂಷನ್’ ಅಂತ ದೊಡ್ಡ ಹೆಸರು ಉಂಟು.

ಹೆಚ್ಚುಕಮ್ಮಿ ಎಪ್ಪತ್ತು ವರ್ಷದ ಮೇಲೆ ಇದೇ ಪಾಠ ಸೌರ ದೀಪದ ರೂಪದಲ್ಲಿ ಬಂತು. 1995ರಲ್ಲಿ ಸೆಲ್ಕೋ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ತಮ್ಮ ಭಾಷಣಗಳಲ್ಲಿ ಒಬ್ಬ ಬೀದಿ ವ್ಯಾಪಾರಿ ಹೆಂಗಸಿನ ವಿಷಯ ಹೇಳುತ್ತಾರೆ. ದೀಪಕ್ಕೆ ತಿಂಗಳಿಗೆ 300 ರೂಪಾಯಿ ಅಂದರೆ ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕೊಡಬಹುದು ಎಂದಳಂತೆ ಆಕೆ. ಗಣಿತದಲ್ಲಿ ಎರಡೂ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. ಹಂದೆಯವರು ಐಐಟಿ ಖರಗ್‌ಪುರದಲ್ಲಿ ಓದಿ ಅಮೆರಿಕದಲ್ಲಿ ಪಿಎಚ್‌ಡಿ ಮಾಡಿದವರು. ಆದರೂ ಸೆಲ್ಕೋ ಬೆಳೆದದ್ದು ಸೌರ ಫಲಕದ ಹೊಸ ಸಂಶೋಧನೆಯಿಂದಲ್ಲ. ಗ್ರಾಮೀಣ ಬ್ಯಾಂಕುಗಳನ್ನು ಸಾಲ ಕೊಡಲು ಒಪ್ಪಿಸಿದ್ದು, ಗಿರಾಕಿಯ ಆದಾಯಕ್ಕೆ ತಕ್ಕಂತೆ ಕಂತು ಹೊಂದಿಸಿದ್ದು, ದೀಪ ಕೆಟ್ಟರೆ ಬಂದು ನೋಡಲು ಹತ್ತಿರದಲ್ಲೇ ಜನ ಇಟ್ಟದ್ದು ಅವರ ಕೈಹಿಡಿಯಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಪರಿಸರದ ಪ್ರಾಜೆಕ್ಟುಗಳಲ್ಲೂ ಕತೆ ಇದೇ, ಅಲ್ಲಿ ಪೆಟ್ಟು ಮಾತ್ರ ಇನ್ನೂ ಜೋರು. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳ ಕಡೆ ನುಗ್ಗಿದ್ದು ಮಂಗಳೂರಿನವರು ಮರೆತಿಲ್ಲ. ತೆಂಗು, ಅಡಿಕೆ ತೋಟಗಳು ಕಸದಡಿ ಹೋದವು, ಕುಟುಂಬಗಳು ಮನೆ ಬಿಡಬೇಕಾಯಿತು. ಕಸ ಎಂದ ತಕ್ಷಣ ನಮ್ಮಂಥವರಿಗೆ ಹೊಳೆಯುವುದು ಏನು? ಡಸ್ಟ್‌ಬಿನ್‌ಗೆ ಸೆನ್ಸರ್, ಲಾರಿಗೆ ಜಿಪಿಎಸ್, ಆಫೀಸಿಗೆ ಡ್ಯಾಶ್‌ಬೋರ್ಡ್. ಅದೆಲ್ಲ ಬೇಡ ಅಂತಲ್ಲ. ಆದರೆ ಅಡುಗೆಮನೆಯಲ್ಲಿ ಹಸಿ ಕಸ, ಒಣ ಕಸ ಒಂದೇ ಚೀಲಕ್ಕೆ ಬಿದ್ದರೆ, ಡ್ಯಾಶ್‌ಬೋರ್ಡ್ ತೋರಿಸುವುದು ಒದ್ದೆ ಕಸದ ರಾಶಿ ಎಷ್ಟು ದೊಡ್ಡದಾಯಿತು ಅಂತ ಮಾತ್ರ. ಜೊತೆಗೆ ಇದು ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು. ಬೆಂಗಳೂರಿನ ಮಳೆಗೆ ಲೆಕ್ಕ ಹಾಕಿದ ಕಾಂಪೋಸ್ಟ್ ಘಟಕವನ್ನು ಹಾಗೇ ತಂದು ಇಲ್ಲಿ ಇಟ್ಟರೆ ಜುಲೈಯಲ್ಲಿ ಅದರ ಪರಿಸ್ಥಿತಿ ಎಂತ ಅಂತ ನಮ್ಮ ಮನೆಯ ಹಿರಿಯರನ್ನು ಕೇಳಿದರೂ ಹೇಳಿಯಾರು.

‘ಇದು ಸ್ಕೇಲ್ ಆಗ್ತದಾ?’ ಅನ್ನುವುದು ಇಂಥ ಮೀಟಿಂಗ್‌ಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರನ್ನು ನೆನೆಸಿಕೊಳ್ಳಿ. ಒಣ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲು ಕೊರೆದವುಗಳಲ್ಲಿ ನೀರು ಸಿಗಲಿಲ್ಲ, ಆದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು. ಸುರಂಗದ ನೀರು ತಾನಾಗಿ ಹರಿದು ಬರುತ್ತದೆ, ಅದಕ್ಕೆ ಪಂಪೂ ಬೇಡ, ಕರೆಂಟೂ ಬೇಡ. ಆದರೆ ಇದು ದಕ್ಷಿಣ ಕನ್ನಡ, ಕಾಸರಗೋಡಿನ ಮುರಕಲ್ಲಿನ ಗುಡ್ಡಕ್ಕೆ ಹೊಂದುವ ವಿದ್ಯೆ. ಕೋಲಾರದಲ್ಲಿ ಇದನ್ನೇ ಮಾಡಲಾಗದು ಅಂತ ಇದಕ್ಕೆ ಕಡಿಮೆ ಮಾರ್ಕ್ ಕೊಡಲಿಕ್ಕಾಗುತ್ತದಾ?

ಇನ್ನು ದುಡ್ಡಿನ ವಿಷಯ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಕೊಡಬೇಕು. ಹಾಗಾಗಿ ಮಾರ್ಚ್ ಹತ್ತಿರ ಬಂದ ಹಾಗೆ ‘ಇನೋವೇಷನ್’ ಹುಡುಕುವವರ ಗಡಿಬಿಡಿಯೂ ಹೆಚ್ಚು. 2021ರ ತಿದ್ದುಪಡಿ ಒಂದು ಒಳ್ಳೆಯ ನಿಯಮ ತಂದಿದೆ. ಸಿಎಸ್‌ಆರ್ ಹೊಣೆ ಸರಾಸರಿ 10 ಕೋಟಿ ಅಥವಾ ಹೆಚ್ಚಿರುವ ಕಂಪನಿಗಳು, 1 ಕೋಟಿ ಅಥವಾ ಹೆಚ್ಚಿನ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕು. ಅದೂ ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಆದಮೇಲೆ. ಉದ್ಘಾಟನೆಯ ಫೋಟೋ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾವು ಕೈಜೋಡಿಸುವ ಎರಡು ಲಕ್ಷ, ಐದು ಲಕ್ಷದ ಸಣ್ಣ ಪ್ರಾಜೆಕ್ಟುಗಳಿಗೆ ಈ ನಿಯಮ ತಾಗುವುದಿಲ್ಲ. ಅಲ್ಲಿ ಒಂದು ವರ್ಷ ಬಿಟ್ಟು ಹೋಗಿ ನೋಡುವ ಕೆಲಸ ನಮ್ಮದೇ.

ಆದ್ದರಿಂದ ಮುಂದಿನ ಸಲ ಯಾರಾದರೂ ಸಲಹೆ ಕೇಳಿದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ನಾಲ್ಕು ವಿಷಯ ಕೇಳಿ. ಇದನ್ನು ಬಳಸುವವರ ಕೈಗೆ ದುಡ್ಡು ಬರುವುದು ಯಾವಾಗ, ಬಾರದಿರುವುದು ಯಾವಾಗ? ಮಳೆಗಾಲದಲ್ಲಿ ಇದು ನಡೆಯುತ್ತದಾ? ಕೆಟ್ಟರೆ ರಿಪೇರಿ ಮಾಡುವವರ ಮನೆ ಎಷ್ಟು ದೂರ? ಫಂಡ್ ಮುಗಿದ ಮೇಲೆ ಖರ್ಚು ಯಾರದ್ದು? ಉತ್ತರ ಮೀಟಿಂಗ್‌ನಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೆ, ಗೊತ್ತಿರುವವರನ್ನು ಕರೆಸಿ ಅನ್ನಿ. ಮೀನು ಮಾರುವ ಅಕ್ಕ, ಪೌರಕಾರ್ಮಿಕರು, ಪಿಗ್ಮಿ ಏಜೆಂಟರು: ಇವರಲ್ಲಿ ಒಬ್ಬರಾದರೂ ಆ ಕೋಣೆಯಲ್ಲಿ ಇರಲಿ. ಅವರು ಬರುವುದೆಂದರೆ ಅರ್ಧ ದಿನದ ಸಂಪಾದನೆ ಬಿಟ್ಟು ಬರುವುದು. ಹಾಗಾಗಿ ಕನ್ಸಲ್ಟೆಂಟ್‌ಗೆ ಇಟ್ಟ ಹಣದಲ್ಲಿ ಮೊದಲ ಪಾಲು ಅವರಿಗೆ ಸಲ್ಲಲಿ. ನಮಗೆ ಒಂದು ಕಾಫಿ ಸಾಕು.