ಗಾಜಿನ ಕಡಲಿಗೆ ಯಾರು ಹಿತವರು?

ದುರ್ಗಿಗುಡಿಗೆ ತುಂಗೆ ಹತ್ತಿರ, ಕಡಲು ಘಟ್ಟದಾಚೆ. ಇಲ್ಲಿ ಕಡಲ ಮೀನು ಸಾಕುವವರು ಉಪ್ಪುನೀರನ್ನೂ ಮನೆಯಲ್ಲೇ ಬೆರೆಸಿಕೊಳ್ಳಬೇಕು. ಅಷ್ಟು ಕಷ್ಟಪಟ್ಟ ಮೇಲೆ ಬರೀ ಬಣ್ಣಕ್ಕೆ ಮರುಳಾಗಬಾರದು. 100 ಲೀಟರಿನ ತೊಟ್ಟಿಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಎರಡು ಕ್ಲೀನರ್ ಸಿಗಡಿ, ನಾಲ್ಕಾರು ಬಸವನಹುಳು ಸಾಕು. ಲಯನ್ ಮೀನು ಸಿಗಡಿಯನ್ನು ನುಂಗಿಬಿಡುತ್ತದೆ. ಡ್ಯಾಮ್ಸೆಲ್ ಗಟ್ಟಿಜೀವವೇನೋ ನಿಜ, ಆದರೆ ಮಹಾ ಜಗಳಗಂಟ. ಗಟ್ಟಿ ಹವಳವಂತೂ ಬೇಡವೇ ಬೇಡ. ಅದು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಲಿ!

ಮೀನಿಗೆ ಬಿಳಿಚುಕ್ಕೆ ರೋಗ ಬಂತೆನ್ನಿ. ತಾಮ್ರದ ಔಷಧಿಯನ್ನು ಇದೇ ತೊಟ್ಟಿಗೆ ಸುರಿದರೆ ಮೀನು ಉಳಿದೀತು, ಸಿಗಡಿ, ಬಸವನಹುಳು ಸಾಯುತ್ತವೆ. ಮೀನುಗಳನ್ನು ಬೇರೆ ತೊಟ್ಟಿಗೆ ಬಿಟ್ಟು ಅಲ್ಲೇ ಮದ್ದು ಮಾಡಬೇಕು.