ಕಾರ್ಟರ್ ಮನೆಯವರ ಹಾಡು

ಗ್ರಾಮಾಫೋನು ತಟ್ಟೆಯ ನಡುವೆ ಅಂಟಿಸಿದ ಚೀಟಿಯಲ್ಲಿ ಹಾಡಿನ ಹೆಸರಿರುತ್ತದೆ, ಹಾಡಿದವರ ಹೆಸರಿರುತ್ತದೆ. ಹಾಡುವ ಕಾಲಕ್ಕೆ ಅವರ ಮನೆಯಲ್ಲಿ ಏನು ನಡೆದಿತ್ತೆಂಬುದು ಇರುವುದಿಲ್ಲ. ಅಮೆರಿಕಾದ ಹಳ್ಳಿಗಾಡಿನ ಸಂಗೀತದಲ್ಲಿ ಹೆಸರಾಂತ ‘ಕಾರ್ಟರ್ ಫ್ಯಾಮಿಲಿ’ಯವರ ತಟ್ಟೆಗಳನ್ನು ಕೇಳುವಾಗಲೆಲ್ಲ ನಮಗೆ ಇದೇ ಮಾತು ತೋರುತ್ತದೆ.

ವರ್ಜಿನಿಯಾ ಪ್ರಾಂತದ ಬೆಟ್ಟಗಳ ನಡುವೆ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿ. ಅಲ್ಲಿಯ ಎ. ಪಿ. ಕಾರ್ಟರ್, ಆತನ ಹೆಂಡತಿ ಸಾರಾ, ಸಾರಾಳಿಗೆ ಸೋದರಸಂಬಂಧಿಯೂ ವಾರಗಿತ್ತಿಯೂ ಆದ ಮೇಬೆಲ್, ಈ ಮೂವರದೇ ಮೇಳ. 1927ನೆಯ ಆಗಸ್ಟಿನಲ್ಲಿ ವಿಕ್ಟರ್ ಕಂಪೆನಿಗಾಗಿ ರಾಲ್ಫ್ ಪಿಯರ್ ಎಂಬಾತನು ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣದ ಯಂತ್ರಗಳನ್ನು ಹೂಡಿ ಹಾಡುಗಾರರನ್ನು ಕರೆದಿದ್ದನು. ಇವರೂ ಮೋಟಾರು ಹತ್ತಿ ಹೊರಟರು. ಮೇಬೆಲಳಿಗೆ ಹದಿನೆಂಟು ವರ್ಷ, ತುಂಬಿದ ಬಸುರಿ; ಮರುತಿಂಗಳೇ ಹೆತ್ತಳು. ಸಾರಾಳ ಕಂಕುಳಲ್ಲಿ ಜೋ ಎಂಬ ಎಳೆಗೂಸು. ಅದನ್ನಾಡಿಸಲು ಹಿರಿಯ ಮಗಳು ಗ್ಲಾಡಿಸ್ ಜೊತೆಗೆ. ಎರಡು ದಿನಗಳಲ್ಲಿ ಆರು ಹಾಡುಗಳಾದವು. ಹಾಡೊಂದಕ್ಕೆ 50 ಡಾಲರು.

ಎರಡನೆಯ ದಿನ ಹೆಂಗಸರಿಬ್ಬರೇ ಹಾಡಿದರು. ಅಂದಿನ ಹಾಡುಗಳಲ್ಲೊಂದು, ಮದುವೆಯಾಗದವಳ ಉಡುಗೆತೊಡುಗೆಯನ್ನೂ ಮದುವೆಯಾದವಳ ತೊಟ್ಟಿಲು ತೂಗುವ ಬಾಳನ್ನೂ ಎದುರುಬದುರಾಗಿಟ್ಟು ಹೇಳುವಂಥದು. ಸಾರಾಳಿಗೆ ಅದು ರುಚಿಸದು; ಪಿಯರನ ಒತ್ತಾಯಕ್ಕೆ ಹಾಡಿದಳು. ಕೂಸನ್ನು ಮಗಳ ಕೈಗೆ ಕೊಟ್ಟು ಬಂದ ತಾಯಿಯ ಬಾಯಲ್ಲಿ ಅದು ಹಾಡಿನಂತಲ್ಲ, ಸಾಕ್ಷಿಯ ನುಡಿಯಂತೆ ಕೇಳಿಸುತ್ತದೆ.

ಈ ಮೇಳದಲ್ಲಿ ಮುಂದಾಳು ಕಂಠ ಸಾರಾಳದು. ಗಂಡನು ಮನಸ್ಸು ಬಂದಾಗ ಮಂದ್ರದಲ್ಲಿ ದನಿಗೂಡಿಸುವನು, ಇಲ್ಲವಾದರೆ ಸುಮ್ಮನಿರುವನು! ಮೇಬೆಲಳ ಕೈವಾಡವೋ ಗಿಟಾರಿನಲ್ಲಿ. ಹೆಬ್ಬೆರಳಿನಿಂದ ಕೆಳದನಿಯ ತಂತಿಗಳ ಮೇಲೆ ಹಾಡಿನ ಮಟ್ಟನ್ನು ಎತ್ತುತ್ತ, ಮೇಲುದನಿಯ ತಂತಿಗಳನ್ನು ಮಿಕ್ಕ ಬೆರಳುಗಳಿಂದ ಸವರಿ ಲಯ ಕೊಡುವಳು. ಬರಿಯ ತಾಳಕ್ಕೆಂದಿದ್ದ ವಾದ್ಯವನ್ನು ಹೀಗೆ ಹಾಡಿಸಿದ ಈಕೆಯ ಬೆರಳುಗಳನ್ನು ಅನುಕರಿಸದ ಹಳ್ಳಿಗಾಡಿನ ವಾದಕರು ವಿರಳ.

ಎ. ಪಿ.ಯ ಕೆಲಸವೆಂದರೆ ಹಾಡುಗಳ ಬೇಟೆ. ಬೆಟ್ಟದೂರುಗಳಲ್ಲಿ ಅಲೆದು ಹಳೆಯ ಪದಗಳನ್ನು ಬರೆದುಕೊಳ್ಳುವನು. ಮಾತು ಕಾಗದಕ್ಕಿಳಿಯುವುದು, ಮಟ್ಟು ಇಳಿಯುವುದೆಂತು? ಅದಕ್ಕೆ ಜೊತೆಯಾದವನು ಲೆಸ್ಲಿ ರಿಡಲ್ ಎಂಬ ನೀಗ್ರೋ ಗಿಟಾರುವಾದಕ. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ಈತನು ಕೇಳಿದ ಮಟ್ಟುಗಳನ್ನೆಲ್ಲ ನೆನಪಿನಲ್ಲಿ ಹೊತ್ತು ತಂದು ಮೇಳಕ್ಕೆ ಕಲಿಸಿಕೊಟ್ಟನು. ತಟ್ಟೆಯ ಚೀಟಿಗಳಲ್ಲಿ ಬಹುಮಟ್ಟಿಗೆ ಎ. ಪಿ. ಕಾರ್ಟರನೇ ಕರ್ತೃ, ರಿಡಲನ ಹೆಸರಿಗೆ ಅಲ್ಲಿ ಎಡೆಯಿಲ್ಲ. ಇದು ಸರಿಯೆಂದು ನಾವು ಒಪ್ಪಲಾರೆವು.

ಬೇಟೆಗೆ ಹೋದವನ ಮನೆ ಬರಿದಾಯಿತು. ವಾರಗಟ್ಟಲೆ ಮನೆ ಸೇರದ ಗಂಡನೊಡನೆ ಬಾಳು ಸಾಗದೆ 1933ರ ಹೊತ್ತಿಗೆ ಸಾರಾ ಬೇರೆಯಾಗಿದ್ದಳು, 1936ರಲ್ಲಿ ವಿಚ್ಛೇದನವಾಯಿತು, 1939ರಲ್ಲಿ ಗಂಡನ ದಾಯಾದಿಯೊಬ್ಬನನ್ನೇ ಮದುವೆಯಾದಳು. ಹಾಡು ಮಾತ್ರ ನಿಲ್ಲಲಿಲ್ಲ. ತಾಯಿಯ ಶವಯಾತ್ರೆಯನ್ನು ಕುರಿತ, ಇವರ ಅತ್ಯಂತ ಪ್ರಸಿದ್ಧವಾದ ಹಾಡು ತಟ್ಟೆಯಾದುದು 1935ರಲ್ಲಿ, ದಂಪತಿಗಳು ಬೇರೆಯಿದ್ದಾಗಲೇ. ಬಳಿಕ ಮೆಕ್ಸಿಕೋ ಗಡಿಯ ಪ್ರಬಲ ರೇಡಿಯೋ ಕೇಂದ್ರದಿಂದ ಈ ಒಡೆದ ಸಂಸಾರದ ಒಂದುಗೂಡಿದ ದನಿಯನ್ನು ದೇಶವೇ ಕೇಳಿತು. ಒಂದೇ ಯಂತ್ರದ ಮುಂದೆ ನಿಂತು ಶ್ರುತಿ ಸೇರಿಸುವಾಗ ಆ ಇಬ್ಬರು ಒಬ್ಬರನ್ನೊಬ್ಬರು ನೋಡಿದರೋ, ನೆಲವನ್ನು ನೋಡಿದರೋ! ಸಾರಾಳ ಕಂಠದಲ್ಲಿ ಮಾತ್ರ ಒಂದಿಷ್ಟೂ ನಡುಕವಿಲ್ಲ.

ಕೊನೆಯ ತಟ್ಟೆಗಳು 1941ರವು. 1943ರಲ್ಲಿ ಮೇಳ ಚದುರಿತು. 250ಕ್ಕೂ ಮಿಕ್ಕು ಹಾಡುಗಳು ಉಳಿದುವು. ಮೇಬೆಲ್ ತನ್ನ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೊಸ ಮೇಳ ನಡೆಸಿದಳು. ಎ. ಪಿ. ಊರಿನಲ್ಲಿ ಅಂಗಡಿಯಿಟ್ಟುಕೊಂಡಿದ್ದು 1960ರಲ್ಲಿ ತೀರಿಕೊಂಡನು. ವಾರಗಿತ್ತಿಯರಿಬ್ಬರೂ ಮುಪ್ಪಿನಲ್ಲಿ ಮತ್ತೆ ಸೇರಿ ಹಾಡಿದ ತಟ್ಟೆಯೊಂದು 1967ರಲ್ಲಿ ಹೊರಬಂದಿತು. ಅದರಲ್ಲಿ ಎ. ಪಿ.ಯ ಮಂದ್ರದ ದನಿಯ ಜಾಗದಲ್ಲಿ ನಿಂತು ಹಾಡಿದವನು, ಬ್ರಿಸ್ಟಲಿಗೆ ಕಂಕುಳಲ್ಲಿ ಹೋಗಿದ್ದ ಜೋ.